ಉಜ್ಜಿ ಹೊಳಪು ಬರಿಸಿದ ಕಂಬಿ

ತಮ್ಮ: ಕೂದಲಿಗೆ ಅಂಟು ಬಳಿದು, ಒಣಗಿಸಿ, ಅದಕ್ಕೆ ಕಂಬಿ ಅಂತ ಹೆಸರಿಟ್ಟುಬಿಟ್ರೆ ಅದು ಕಂಬಿ ಆಗಿಬಿಡತ್ತಾ?

ಅಕ್ಕ: ಕೂದಲಲ್ಲ ಅಂತ ಇದು ನಾಲ್ಕನೇ ಸಲ ಹೇಳ್ತಿದ್ದೀನಿ. ಗಾಜಿನ ಎಳೆ.

ತಮ್ಮ: ಸರಿ, ಗಾಜು. ನೀರು ಕುಡಿಯೋ ಲೋಟ ಕೈ ಜಾರಿದ್ರೆ ಹದಿನಾರು ಚೂರು. ಇದರ ಮೇಲೆ ಊರಿನ ಜನ ಎಲ್ಲಾ ಓಡಾಡಬೇಕು. ಚೆನ್ನಾಗಿದೆ.

ಅಕ್ಕ: ಲೋಟದ ಗಾಜು ಬೇರೆ, ಎಳೆ ಬೇರೆ. ಸಾವಿರಾರು ಎಳೆ ಸೇರಿಸಿ, ರಾಳದಲ್ಲಿ ಅದ್ದಿ ಎಳೀತಾರೆ. ಕಡ್ಡಿ ಹಿಡ್ಕೊಂಡು ಜಗ್ಗಿದ್ರೆ ಉಕ್ಕಿಗಿಂತ ಗಟ್ಟಿ.

ತಮ್ಮ: ಗಟ್ಟಿ ಇರಲಿ ಬಿಡಕ್ಕ, ಯಾರು ಬೇಡ ಅಂದ್ರು. ಕಾಂಕ್ರೀಟು ಅದನ್ನ ಹಿಡ್ಕೊಳ್ಳತ್ತಾ? ಅದು ನನ್ನ ಪ್ರಶ್ನೆ. ಬೆಣ್ಣೆಯಲ್ಲಿ ಚಾಕು ಚುಚ್ಚಿಟ್ಟು, ನೋಡಿ ನಿಂತಿದೆ ಅಂದ ಹಾಗಾಗತ್ತೆ.

ಅಕ್ಕ ಕೈಗವಸು ಹಾಕಿಕೊಂಡಳು. ಪರೀಕ್ಷಾಲಯದ ಹಿಂಬದಿಯ ಆ ಕೋಣೆಯಲ್ಲಿ ಎರಡಾಳೆತ್ತರದ ಎಳೆಯುವ ಯಂತ್ರವೊಂದು ನಿಂತಿತ್ತು. ಹನ್ನೊಂದು ವರ್ಷಗಳಿಂದ ಅದೇ ಅವಳ ಸಂಗಾತಿ. ಊರಿನವರು ಕಷ್ಟಪಟ್ಟು ಗಟ್ಟಿ ಮಾಡಿದ್ದನ್ನೆಲ್ಲ ತಂದು ಕೊಡುತ್ತಿದ್ದರು, ಅವಳು ಮುರಿದು ಕೊಡುತ್ತಿದ್ದಳು. ತಮ್ಮ ಕಂಬಿ ಕಟ್ಟುವ ಮೇಸ್ತ್ರಿ. ಹತ್ತೊಂಬತ್ತು ವರ್ಷದ ಹಿಂದೆ ಬಂದರಿನ ಉದ್ದಕ್ಕೂ ಇರುವ ತಡೆಗೋಡೆಗೂ ಅದರ ಮೇಲಿನ ಕಾಲುದಾರಿಗೂ ಕಂಬಿ ಕಟ್ಟಿದ್ದವನು ಅವನೇ. ಉಪ್ಪುಗಾಳಿಗೆ ಆ ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಕಾಂಕ್ರೀಟು ಸಿಪ್ಪೆಯಂತೆ ಎದ್ದು ಬಂತು, ಈಗ ಗೋಡೆಯನ್ನೇ ಒಡೆದು ಹೊಸದಾಗಿ ಕಟ್ಟುವ ತೀರ್ಮಾನವಾಗಿತ್ತು. ಹೊಸ ಗೋಡೆಗೆ ತುಕ್ಕೇ ಹಿಡಿಯದ, ಗಾಜಿನ ಎಳೆಯ ಈ ಫೈಬರ್ ಕಂಬಿ. ಕಟ್ಟುತ್ತೀಯೋ ಇಲ್ಲವೋ ಇವತ್ತು ಸಂಜೆಯೊಳಗೆ ಹೇಳು, ಇಲ್ಲದಿದ್ದರೆ ಬೇರೆ ತಂಡ ನೋಡುತ್ತೇನೆ ಎಂದಿದ್ದ ಗುತ್ತಿಗೆದಾರ. ಅಕ್ಕನ ಯಂತ್ರ ಎಳೆದದ್ದನ್ನು ಕಣ್ಣಾರೆ ಕಂಡ ಮೇಲೆ ಹೇಳುತ್ತೇನೆ ಎಂದಿದ್ದ ತಮ್ಮ.

ಅಕ್ಕ: ಮೊದಲು ನಿನ್ನ ಕಬ್ಬಿಣ. ಆಮೇಲೆ ನನ್ನ ಫೈಬರ್. ಎರಡನ್ನೂ ಕಾಂಕ್ರೀಟು ಗಡ್ಡೆಯಲ್ಲಿ ನೆಟ್ಟಿದ್ದು ಒಂದೇ ದಿನ, ಒಂದೇ ಕಲಸು, ಇಪ್ಪತ್ತೆಂಟು ದಿನ ಒಂದೇ ನೀರಿನ ತೊಟ್ಟಿಯಲ್ಲಿ ನೆಂದಿವೆ. ಒಂದಕ್ಕೆ ಪಕ್ಷಪಾತ ಮಾಡಿದೆ ಅನ್ನೋ ಹಾಗಿಲ್ಲ.

ತಮ್ಮ: ಅದ್ಯಾಕೆ ಫೈಬರ್ ತುದಿಗೆ ಕಬ್ಬಿಣದ ಕೊಳವೆ ತೊಡಿಸಿದ್ದೀಯ?

ಅಕ್ಕ: ಯಂತ್ರದ ಹಲ್ಲು ನೇರ ಕಚ್ಚಿದ್ರೆ ಎಳೆ ಜಜ್ಜಿಹೋಗತ್ತೆ. ಅದಕ್ಕೆ.

ತಮ್ಮ: ಹಾಂ. ಅದನ್ನ ಹಿಡಿಯೋಕೂ ಕೊನೆಗೆ ಕಬ್ಬಿಣವೇ ಬೇಕಾಯ್ತು. ಅದನ್ನೂ ಬರ್ಕೊ ನಿನ್ನ ವರದಿಯಲ್ಲಿ, ಮೊದಲನೇ ಸಾಲಲ್ಲೇ.

ಅಕ್ಕ: ಹಿಂದೆ ಸರಿ. ಇನ್ನೂ ಹಿಂದೆ. ನಿನ್ನ ಹೊಟ್ಟೆ ಗೆರೆಯಿಂದ ಈಚೆ ಬಂದಿದೆ.

ಕಬ್ಬಿಣದ ಕಂಬಿ ನೆಟ್ಟ ಕಾಂಕ್ರೀಟು ಗಡ್ಡೆಯನ್ನು ಯಂತ್ರ ಕಚ್ಚಿತು. ಪರದೆಯ ಮೇಲೆ ಅಂಕಿ ಏರತೊಡಗಿತು. ಒಂದು ಟನ್. ಎರಡು. ಎರಡೂವರೆ. ಮಗಳ ಓಟದ ಪಂದ್ಯ ನೋಡುವ ತಂದೆಯಂತೆ ತಮ್ಮ ಕಾಲ್ಬೆರಳ ಮೇಲೆ ನಿಂತಿದ್ದ. ಮೂರು ಟನ್ ದಾಟಿ ಸ್ವಲ್ಪ ಹೊತ್ತಿಗೆ ಢಮ್ಮೆಂದಿತು. ಗಡ್ಡೆ ನಡುಮಧ್ಯೆ ಸೀಳಿ ಎರಡು ಹೋಳಾಯಿತು, ಕಿಟಕಿಯ ಗಾಜು ಝಲ್ಲೆಂದಿತು.

ತಮ್ಮ: ನೋಡಿದ್ಯಾ? ಕಾಂಕ್ರೀಟು ಸತ್ತೇ ಹೋಯ್ತು, ಕಂಬಿ ಬಿಡಲಿಲ್ಲ. ಮೂರೂವರೆ ಟನ್. ಅದರ ಮೈಮೇಲಿನ ಏಣು ನೋಡು, ಒಂದೊಂದೂ ಒಳಗಿಂದ ಕಚ್ಚಿ ಹಿಡಿದಿತ್ತು.

ಅಷ್ಟರಲ್ಲಿ ಬಾಗಿಲು ತೆರೆದು ಭಾವ, ಅಂದರೆ ಅಕ್ಕನ ಗಂಡ, ಬಂದರು. ಅವರು ಹಲ್ಲಿನ ಡಾಕ್ಟರು. ಪರೀಕ್ಷಾಲಯದ ಎದುರಿನ ಕಟ್ಟಡದಲ್ಲೇ ಅವರ ಕ್ಲಿನಿಕ್ಕು. ಬಲಗೈಯ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

ಭಾವ: ಈಗ ಢಂ ಅಂದಿದ್ದು ನೀವೇನಾ?

ಅಕ್ಕ: ಹೌದು. ಯಾಕೆ?

ಭಾವ: ನನ್ನ ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದು ಕೂತಿದ್ರು. ಶಬ್ದಕ್ಕೆ ಬೆಚ್ಚಿ ಬಾಯಿ ಮುಚ್ಚಿಬಿಟ್ರು. ನನ್ನ ಬೆರಳು ಒಳಗಿತ್ತು.

ತಮ್ಮ: ಬೆರಳು ಬಿಡಿಸ್ಕೊಂಡು ಬಂದ್ರಾ, ಅಥವಾ ಅವರೇ ಬಿಟ್ರಾ?

ಭಾವ: ಸಮಾಧಾನ ಹೇಳಿ ಬಿಡಿಸ್ಕೊಂಡೆ. ಅದಿರಲಿ, ಒಂದು ತಿಂಗಳಿಂದ ಕ್ಲಿನಿಕ್ಕಿನ ನೀಲಿ ಬಕೆಟ್ಟು ಕಾಣ್ತಿಲ್ಲ. ಇಲ್ಲಿಗೇನಾದ್ರೂ ಬಂದಿದೆಯಾ ಅಂತ ಕೇಳೋಣ ಅಂತ—

ಅವರ ಮಾತು ಅಲ್ಲಿಗೇ ನಿಂತಿತು. ಮೂಲೆಯಲ್ಲಿದ್ದ ಕೈಗಾಡಿಯ ಮೇಲೆ ಬಕೆಟ್ಟಿನದೇ ಆಕಾರದ ಕಾಂಕ್ರೀಟು ಮುದ್ದೆಯೊಂದು ಕೂತಿತ್ತು. ಮೇಲುಗಡೆ ಮೊಳದುದ್ದದ ಫೈಬರ್ ಕಡ್ಡಿ ಚಾಚಿಕೊಂಡಿತ್ತು. ಮುದ್ದೆಯ ಪಕ್ಕದಲ್ಲಿ ಸೀಳಿದ ನೀಲಿ ಪ್ಲಾಸ್ಟಿಕ್ಕು, ಹಿಡಿಕೆ ಸಮೇತ.

ಅಕ್ಕ: ಇದೇನಿದು?

ತಮ್ಮ: ನನ್ನ ಸ್ವಂತ ಪರೀಕ್ಷೆ. ನಿನ್ನ ಗಡ್ಡೆ ನೀನೇ ಹಾಕ್ತೀಯ, ನೀನೇ ಎಳೀತೀಯ, ನೀನೇ ಬರೀತೀಯ. ಅದಕ್ಕೆ ನಾನೂ ಒಂದು ಹಾಕಿಟ್ಟೆ, ಅದೇ ದಿನ, ನಿನ್ನದೇ ಉಳಿದ ಕಲಸಿನಲ್ಲಿ. ನಮ್ಮ ಅಂಗಳದಲ್ಲಿ ಇಪ್ಪತ್ತೆಂಟು ದಿನ ನೀರು ಹೊಯ್ದಿದ್ದೀನಿ, ಒಂದು ದಿನ ತಪ್ಪಿಸಿಲ್ಲ.

ಭಾವ: ನನ್ನ ಬಕೆಟ್ಟಲ್ಲಿ.

ತಮ್ಮ: ಬಕೆಟ್ಟು ನಿಮ್ಮದು ಭಾವ, ಕಾಂಕ್ರೀಟು ನಿಷ್ಪಕ್ಷಪಾತವಾದದ್ದು. ಅಕ್ಕ, ನಿನ್ನ ಫೈಬರ್ ಆಮೇಲೆ. ಇದನ್ನ ಎಳಿ ಮೊದಲು.

ಅಕ್ಕ ಬೇಡವೆನ್ನಬಹುದಿತ್ತು. ಆದರೆ ಅವಳಿಗೂ ಕುತೂಹಲ. ಭಾವನ ನೋಯದ ಕೈಯನ್ನು ಸೇರಿಸಿ ಮೂವರೂ ಮುದ್ದೆಯನ್ನು ಯಂತ್ರಕ್ಕೇರಿಸಿದರು. ಕೊಳವೆಯಿಲ್ಲದ ಕಡ್ಡಿಯಾದ್ದರಿಂದ ಅಕ್ಕ ಹಲ್ಲನ್ನು ಮೆತ್ತಗೆ ಕಚ್ಚಿಸಿ ಗುಂಡಿ ಒತ್ತಿದಳು. ನೂರು ಕೆಜಿ. ಇನ್ನೂರು. ಮುನ್ನೂರು ತಲುಪುವಷ್ಟರಲ್ಲಿ ಅಂಕಿ ನಿಂತಿತು, ಇಳಿಯಿತು. ಒಂದು ಸಣ್ಣ ಸದ್ದೂ ಇಲ್ಲದೆ, ಮೇಣದ ಬತ್ತಿಯನ್ನು ಅಚ್ಚಿನಿಂದ ತೆಗೆದ ಹಾಗೆ, ಕಡ್ಡಿ ಮುದ್ದೆಯಿಂದ ಈಚೆ ಬಂತು.

ತಮ್ಮ: ಬಂತು. ಬಂದೇ ಬಂತು. ಅಕ್ಕ, ಬಂತು ನೋಡು. ಭಾವ, ನೋಡಿದ್ರಾ, ಬಂತು.

ಭಾವ: ನಮ್ಮಲ್ಲಿ ಹಾಲುಹಲ್ಲು ಹೀಗೆ ಬರತ್ತೆ.

ತಮ್ಮ ಕೈಗಾಡಿಯ ಸುತ್ತ ಒಂದು ಸುತ್ತು ಕುಣಿದ. ಐವತ್ತೆರಡು ವಯಸ್ಸಿನ, ಮಂಡಿನೋವಿನ ಮನುಷ್ಯ ಕುಣಿದದ್ದು ಅಷ್ಟೇನೂ ನೋಡುವ ಹಾಗಿರಲಿಲ್ಲ. ಅಕ್ಕ ಮಾತ್ರ ಅವನನ್ನು ನೋಡಲೇ ಇಲ್ಲ. ಕಡ್ಡಿಯನ್ನು ಯಂತ್ರದಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿದಳು.

ಅಕ್ಕ: ಇದು ಯಾಕೆ ಇಷ್ಟು ಹೊಳೀತಿದೆ?

ತಮ್ಮ: ನನ್ನ ಕೈಗುಣ.

ಅಕ್ಕ: ಇದರ ಮೇಲಿದ್ದ ಮರಳೆಲ್ಲಿ?

ತಮ್ಮ: ಯಾವ ಮರಳು? ಓ, ಅದಾ. ಕಾರ್ಖಾನೆಯವರಿಗೆ ಅಚ್ಚುಕಟ್ಟು ಅನ್ನೋದೇ ಇಲ್ಲಕ್ಕ. ಕಡ್ಡಿ ತುಂಬಾ ಮರಳು ಮೆತ್ತಿಕೊಂಡಿತ್ತು. ಎಲ್ಲೋ ನೆಲದಲ್ಲಿ ಹೊರಳಾಡಿಸಿ ತಂದಿದ್ದಾರೆ. ನೀರಲ್ಲಿ ತೊಳೆದೆ, ಹೋಗಲಿಲ್ಲ. ಬ್ರಷ್ಷಲ್ಲಿ ಉಜ್ಜಿದೆ, ಹೋಗಲಿಲ್ಲ. ಕೊನೆಗೆ ಗ್ರೈಂಡರ್‌ಗೆ ತಂತಿ ಬ್ರಷ್ಷು ಹಾಕಿ ಅರ್ಧ ದಿನ ಉಜ್ಜಿದ ಮೇಲೆ ಕನ್ನಡಿ ಹಾಗಾಯ್ತು.

ಅಕ್ಕ: ಅರ್ಧ ದಿನ ಉಜ್ಜಿದ್ರೂ ಹೋಗ್ತಿಲ್ಲ ಅಂದಾಗ, ಇದನ್ನ ಯಾರೋ ಬೇಕು ಅಂತಲೇ ಅಂಟಿಸಿರಬಹುದು ಅಂತ ಒಂದು ಕ್ಷಣಕ್ಕಾದ್ರೂ ಅನ್ನಿಸಲಿಲ್ವಾ?

ತಮ್ಮ: ಮರಳನ್ನ ಯಾರು ಬೇಕು ಅಂತ ಅಂಟಿಸ್ತಾರೆ?

ಅಕ್ಕ: ಕಾರ್ಖಾನೆಯವರು. ರಾಳ ಬಳಿದು, ಮರಳು ಉದುರಿಸಿ, ಒಲೆಯಲ್ಲಿಟ್ಟು ಗಟ್ಟಿ ಮಾಡಿ. ನಿನ್ನ ಕಬ್ಬಿಣಕ್ಕೆ ಏಣು ಇದ್ದ ಹಾಗೆ ಇದಕ್ಕೆ ಮರಳು. ಕಾಂಕ್ರೀಟು ಹಿಡಿಯೋದೇ ಅದನ್ನ. ನೀನು ಕಡ್ಡಿಯ ಹಿಡಿತವನ್ನೇ ಉಜ್ಜಿ ತೆಗೆದು, ನೋಡು ಹಿಡಿತ ಇಲ್ಲ ಅಂತ ಕುಣೀತಿದ್ದೀಯ.

ತಮ್ಮ: ಮೂವತ್ತು ವರ್ಷದಿಂದ ಕಂಬಿ ಸ್ವಚ್ಛ ಇರಬೇಕು, ಮಣ್ಣು ಎಣ್ಣೆ ಮೆತ್ತಿರಬಾರದು ಅಂತ ಬೈಸ್ಕೊಂಡೇ ಬೆಳೆದಿದ್ದೀನಿ. ನೀನೇ ಎಷ್ಟು ಸಲ ಬೈದಿಲ್ಲ?

ಅಕ್ಕ: ಅದು ಕಬ್ಬಿಣಕ್ಕೆ.

ತಮ್ಮ: ಕಬ್ಬಿಣಕ್ಕೊಂದು ನ್ಯಾಯ, ಗಾಜಿಗೊಂದು ನ್ಯಾಯ.

ಭಾವ: ಅವಳು ಹೇಳೋದು ಸರಿ ಮಾರಾಯ. ನುಣುಪಾದ ಹಲ್ಲಿಗೆ ಯಾವ ತುಂಬುವಸ್ತುವೂ ಅಂಟಲ್ಲ. ನಾವು ಮೊದಲು ಆಮ್ಲ ಹಚ್ಚಿ ಒರಟು ಮಾಡ್ಕೋತೀವಿ. ಆಮೇಲೇ ಅಂಟಿಸೋದು. ಬೇಕಾದ್ರೆ ನಿನ್ನದೇ ಬಲಗಡೆ ಮೇಲಿನ ಹಲ್ಲು ತಗೋ, ಆರು ವರ್ಷದ ಹಿಂದೆ ಮುರಿದು ತಂದಿದ್ಯಲ್ಲ.

ತಮ್ಮ: ಅದಕ್ಕೇನೀಗ? ಒಳಗೆ ಸಣ್ಣ ಕಂಬಿ ನೆಟ್ಟು ಕಟ್ಟಿದ್ದೀನಿ ಅಂದಿದ್ರಿ. ಕಬ್ಬಿಣದ ಹಾಗಿದೆ ಅಂತ ನಾನು ಎಲ್ಲರ ಹತ್ತಿರಾನೂ ಹೇಳ್ಕೊಂಡು ತಿರುಗ್ತೀನಿ.

ಭಾವ: ಕಂಬಿ ನೆಟ್ಟಿದ್ದು ನಿಜ. ಕಬ್ಬಿಣದ್ದು ಅಂತ ನಾನು ಯಾವತ್ತೂ ಹೇಳಿಲ್ಲ.

ತಮ್ಮ: ಮತ್ತೆ?

ಭಾವ: ಗಾಜಿನ ಎಳೆ. ರಾಳದಲ್ಲಿ ಅದ್ದಿದ್ದು.

ತಮ್ಮನ ನಾಲಗೆ ಬಾಯೊಳಗೆ ಬಲಗಡೆಗೆ ಹೋದದ್ದು ಕೆನ್ನೆಯ ಮೇಲಿಂದಲೇ ಕಂಡಿತು. ಅಕ್ಕ ಗೋಡೆ ಕಡೆ ತಿರುಗಿ ನಿಂತಳು. ಅವಳ ಭುಜಗಳು ಕುಲುಕುತ್ತಿದ್ದವು.

ತಮ್ಮ: ನನ್ನ ಕೇಳದೆ ನನ್ನ ಬಾಯಲ್ಲಿ ಫೈಬರ್ ಹಾಕಿದ್ರಾ?

ಭಾವ: ಕೇಳಿದ್ದೆ. ನೀನು ಆ ಅಂದೆ.

ತಮ್ಮ: ನೀವೇ ಆ ಅನ್ನು ಅಂದಿದ್ರಿ.

ಭಾವ: ನಾನು ಒಪ್ಪಿಗೆ ಅಂದ್ಕೊಂಡೆ.

ಅಕ್ಕ: ಆರು ವರ್ಷದಲ್ಲಿ ಒಂದು ಸಲವಾದ್ರೂ ಜಾರಿ ಬಂತಾ?

ತಮ್ಮ: ಬಾಯಿ ವಿಷಯ ಬೇರೆ. ಅಲ್ಲಿ ಉಪ್ಪುಗಾಳಿ ಬೀಸಲ್ಲ. ನೀನು ನಿನ್ನ ಗಡ್ಡೆ ಎಳಿ, ಸುಮ್ಮನೆ ಹೊತ್ತು ಕಳೀಬೇಡ.

ಅಕ್ಕ ತನ್ನ ಫೈಬರ್ ಗಡ್ಡೆಯನ್ನು ಯಂತ್ರಕ್ಕೇರಿಸಿದಳು. ಭಾವ ಮುನ್ನೆಚ್ಚರಿಕೆಯಿಂದ ಎರಡೂ ಕೈಗಳನ್ನು ಜೇಬಿಗಿಳಿಸಿದರು. ಅಂಕಿ ಏರಿತು. ಮುನ್ನೂರು ಕೆಜಿ ಬಂದಾಗ ತಮ್ಮ ಗಂಟಲು ಸರಿಮಾಡಿಕೊಂಡ. ಏನೂ ಆಗಲಿಲ್ಲ. ಒಂದು ಟನ್. ಒಂದೂವರೆ. ಗೋಡೆಗೆ ಬೇಕಾದದ್ದು ಎರಡು, ಅದನ್ನೂ ದಾಟಿತು. ತಮ್ಮನಿಗೆ ತಿಳಿಯದೆಯೇ ಅವನು ಮತ್ತೆ ಕಾಲ್ಬೆರಳ ಮೇಲೆ ನಿಂತಿದ್ದ. ಎರಡು ಮುಕ್ಕಾಲು ಟನ್ನಿಗೆ ಒಳಗಿಂದ ಚರಚರ ಸದ್ದು ಬಂತು, ಕಡ್ಡಿ ಒಂದು ಬೆರಳಿನಷ್ಟು ಮೇಲೆದ್ದು ನಿಂತಿತು. ಗಡ್ಡೆ ಒಡೆಯಲಿಲ್ಲ.

ಅಕ್ಕ: ಎರಡು ಮುಕ್ಕಾಲು.

ತಮ್ಮ: ಕಬ್ಬಿಣ ಮೂರೂವರೆ.

ಅಕ್ಕ: ಹಿಡಿತ ಕಬ್ಬಿಣಕ್ಕಿಂತ ಜಾಸ್ತಿ ಅಂತ ನಾನೆಲ್ಲಿ ಹೇಳ್ದೆ? ಗೋಡೆಗೆ ಸಾಕಾಗುವಷ್ಟಿದೆ.

ತಮ್ಮ: ಒಡೆದು ತೋರಿಸು. ಒಳಗೇನಾಗಿದೆ ನೋಡಬೇಕು.

ಸುತ್ತಿಗೆ ಅವನೇ ತೆಗೆದುಕೊಂಡ. ಎರಡು ಏಟಿಗೆ ಗಡ್ಡೆ ಬಿಚ್ಚಿತು. ಒಳಗೆ, ಕಡ್ಡಿ ಕೂತಿದ್ದ ಜಾಗದ ಗೋಡೆಗೆ ಮರಳಿನ ಪದರು ಹಾಗೇ ಅಂಟಿತ್ತು. ಕಡ್ಡಿಯ ಮೈ ಅಲ್ಲಲ್ಲಿ ಸುಲಿದಿತ್ತು. ತಮ್ಮ ಕನ್ನಡಕ ಏರಿಸಿ, ಕಣ್ಣಿಗೆ ತೀರಾ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ. ಮೊದಲ ಬಾರಿಗೆ ಅವನ ದನಿ ತಗ್ಗಿತು.

ತಮ್ಮ: ಇದು ಬೇರೆ ಥರ ಸೋಲತ್ತೆ ಅಕ್ಕ. ಕಬ್ಬಿಣ ಕಾಂಕ್ರೀಟನ್ನ ಸೀಳತ್ತೆ. ಇದು ತನ್ನ ಚರ್ಮ ಬಿಟ್ಟುಕೊಟ್ಟು ಈಚೆ ಬರತ್ತೆ.

ಅಕ್ಕ: ಹೌದು. ಮರಳು ಕಾಂಕ್ರೀಟನ್ನ ಬಿಡಲಿಲ್ಲ. ಕಡ್ಡಿಯೇ ಮರಳನ್ನ ಬಿಡ್ತು.

ತಮ್ಮ: ಹಾಗಾದ್ರೆ ಒಂದರ ಮೇಲೊಂದು ಕಂಬಿ ಸೇರಿಸಿ ಕಟ್ಟೋ ಕಡೆ, ಕಬ್ಬಿಣಕ್ಕೆ ಬಿಡೋದಕ್ಕಿಂತ ಉದ್ದ ಬಿಡಬೇಕು. ಹಿಡಿಯೋಕೆ ಮೈ ಜಾಸ್ತಿ ಬೇಕು ಇದಕ್ಕೆ.

ಅಕ್ಕ: ನಕ್ಷೆಯಲ್ಲೂ ಹಾಗೇ ಇದೆ.

ತಮ್ಮ: ನಕ್ಷೆಯಲ್ಲಿ ಇಲ್ಲದ್ದು ಒಂದು ಹೇಳ್ಲಾ? ಇದು ತೇಲತ್ತೆ.

ಅಕ್ಕ: ಏನು ತೇಲತ್ತೆ?

ತಮ್ಮ: ಕಂಬಿ. ಬಕೆಟ್ಟಿಗೆ ಹಾಕೋ ಮುಂಚೆ ಒಂದು ತೊಟ್ಟಿಗೆ ಕಾಂಕ್ರೀಟು ತುಂಬಿ ಇದನ್ನ ಅಡ್ಡ ಮಲಗಿಸಿ ನೋಡಿದ್ದೆ. ಹಸಿ ಕಾಂಕ್ರೀಟನ್ನ ಅಲುಗಿಸ್ತಿದ್ದ ಹಾಗೆ ನಿಧಾನಕ್ಕೆ ಮೇಲೆ ಬಂತು, ಯಾರೋ ಕರೆದ್ರು ಅಂತ ಎದ್ದು ಬರೋ ಹಾಗೆ. ಕಾಂಕ್ರೀಟಿಗಿಂತ ಹಗುರ ಅಲ್ವಾ. ಗೋಡೆ ಮೇಲಿನ ಕಾಲುದಾರಿಗೆ ಕಾಂಕ್ರೀಟು ಹಾಕಿ ಯಂತ್ರದಲ್ಲಿ ಅಲುಗಿಸಿದ್ರೆ ಇಡೀ ಜಾಲರಿ ಎದ್ದು ಕೂರತ್ತೆ. ಕೆಳಗೆ ಗೂಟಕ್ಕೆ ಬಿಗಿದು ಕಟ್ಟಬೇಕು, ಎರಡಡಿಗೊಂದು. ಕಬ್ಬಿಣ ಕೆಳಗೆ ಕುಸೀಬಾರದು ಅಂತ ಕಟ್ತಿದ್ವಿ. ಇದು ಮೇಲೆ ಹಾರಬಾರದು ಅಂತ ಕಟ್ಟಬೇಕು.

ಅಕ್ಕ ಪೆನ್ನು ತೆಗೆದು ಬರೆಯತೊಡಗಿದಳು. ಇಷ್ಟು ದಿನದಲ್ಲಿ ಅವನು ಹೇಳಿದ ಮಾತನ್ನು ಅವಳು ಬರೆದುಕೊಂಡದ್ದು ಇದೇ ಮೊದಲು.

ಭಾವ: ಯಾವ ತೊಟ್ಟಿ?

ತಮ್ಮ: ನಿಮ್ಮ ಮಹಡಿ ಮೇಲೆ ಉದ್ದಕ್ಕೊಂದು ಹೂವಿನ ತೊಟ್ಟಿ ಇತ್ತಲ್ಲ ಭಾವ.

ಭಾವ: ಇತ್ತು ಅಂದ್ರೆ?

ಅಕ್ಕ: ನಿಮ್ಮ ತೊಟ್ಟಿ ಆಮೇಲೆ ಹುಡುಕೋಣ. ಇಲ್ಲಿ ಬರೀತಿದ್ದೀನಿ: ಮರಳು ಪದರು ತೆಗೆದ ಕಂಬಿ, ಒಂದು. ಸರಿ ತಾನೇ? ಉಜ್ಜಿದ್ದು ಒಂದೇ ಅಲ್ವಾ?

ತಮ್ಮ ಕೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಅಕ್ಕ: ಒಂದೇ ಅಲ್ವಾ?

ತಮ್ಮ: ನಾನು ಉಜ್ಜಿದ್ದು ಒಂದೇ.

ಅಕ್ಕ: ಬೇರೆ ಯಾರು ಉಜ್ಜಿದ್ರು?

ತಮ್ಮ: ಗೋಡೆಗೆ ಬಂದ ನಾನೂರು ಕಂಬಿ ನಮ್ಮ ಅಂಗಳದಲ್ಲೇ ಇಳಿಸಿದ್ದಾರೆ. ಇವತ್ತು ಹೇಗೂ ಇದು ಬೇಡ ಅಂತ ವಾಪಸ್ ಕಳಿಸೋದೇ ಅಲ್ವಾ ಅಂತ... ಬೇಡ ಅಂದ್ರೂ ಪರರ ಸಾಮಾನು ಗಲೀಜಾಗಿ ವಾಪಸ್ ಕೊಡೋದು ಮರ್ಯಾದೆ ಅಲ್ಲ ಅಂತ...

ಅಕ್ಕ: ಅಂತ?

ತಮ್ಮ: ಎಲ್ಲಾ ಉಜ್ಜಿಡಿ ಅಂತ ಬೆಳಿಗ್ಗೆ ಕೆಲಸದವರಿಗೆ ಹೇಳಿ ಬಂದಿದ್ದೀನಿ. ಆರು ಜನ. ಮೂರು ಗ್ರೈಂಡರ್.

ಅಕ್ಕ ಅವನ ಅಂಗಿಯ ಜೇಬಿಗೇ ಕೈ ಹಾಕಿ ಫೋನು ತೆಗೆದು, ಅವನ ಹೆಂಡತಿಯ ಹೆಸರು ಒತ್ತಿ, ಶಬ್ದ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಕಂಬಿ ಅಂಗಳದ ಉಸ್ತುವಾರಿಯೆಲ್ಲ ಆಕೆಯದೇ. ಐದು ಸಲ ರಿಂಗಾದ ಮೇಲೆ ಎತ್ತಿದಳು. ಅವಳ ದನಿಗಿಂತ ಮೊದಲು ಗ್ರೈಂಡರ್‌ನ ಗರ್ರೆನ್ನುವ ಸದ್ದು ಕೋಣೆ ತುಂಬಿತು.

ತಮ್ಮ: ನಿಲ್ಲಿಸು. ನಿಲ್ಲಿಸೋಕೆ ಹೇಳು.

ಹೆಂಡತಿ: ಏನು? ಕೇಳಿಸ್ತಿಲ್ಲ.

ತಮ್ಮ: ಉಜ್ಜೋದು ನಿಲ್ಲಿಸು.

ಹೆಂಡತಿ: ಹಜ್ಜೆ ಎಲ್ಲಿಡಿಸಲಿ?

ಅಕ್ಕ: ಗ್ರೈಂಡರ್. ಗ್ರೈಂಡರ್ ಆರಿಸು.

ಹೆಂಡತಿ: ಓ, ಅತ್ತಿಗೆನಾ. ಇರಿ, ಇವರಿಗೆ ಆರಿಸೋಕೆ ಹೇಳ್ತೀನಿ.

ಸದ್ದು ನಿಂತಿತು. ಕೋಣೆಯಲ್ಲಿ ಮೂವರೂ ಫೋನಿನ ಮೇಲೆ ಬಗ್ಗಿದ್ದರು.

ತಮ್ಮ: ಎಷ್ಟಾಯ್ತು? ನಿಜ ಹೇಳು. ಎಷ್ಟು ಉಜ್ಜಿದ್ದಾರೆ?

ಹೆಂಡತಿ: ಎರಡು ಪಟ್ಟಿ ಮುಗೀತು. ಮೂರನೇದು ನಡೀತಿದೆ.

ತಮ್ಮ: ಪಟ್ಟಿಯಾ? ಕಂಬಿಗೆ ಎಲ್ಲಿಯ ಪಟ್ಟಿ?

ಹೆಂಡತಿ: ಯಾವ ಕಂಬಿ? ಇವರು ಗೇಟು ಉಜ್ತಿದ್ದಾರೆ. ಕಂಬಿ ಬೆಳಿಗ್ಗೆ ಎರಡು ಉಜ್ಜಿದ್ರು, ಆರು ಜನಕ್ಕೂ ಕತ್ತಿನಿಂದ ಕಾಲಿನ ತನಕ ತುರಿಕೆ. ಗಾಜಿನ ಪುಡಿ ಅಂತೆ. ಸ್ನಾನ ಮಾಡಿಸಿ ಕೂರಿಸಿದೆ. ಆಮೇಲೆ ಕಂಬಿ ಕಟ್ಟಿನೊಳಗೆ ಒಂದು ಕಾಗದ ಸಿಕ್ತು, ಓದಿದೆ. ಮೇಲಿನ ಮರಳು ಕೆರೀಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ನಿಮಗೆ ಹೇಳೋಣ ಅಂತ ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಇವರಿಗೆ ಉಜ್ಜೋ ಉತ್ಸಾಹ ಇತ್ತಲ್ಲ, ತುಕ್ಕು ಹಿಡಿದ ಗೇಟು ತೋರಿಸಿದೆ.

ತಮ್ಮ ಅಲ್ಲೇ ಇದ್ದ ಕಾಂಕ್ರೀಟು ಮುದ್ದೆಯ ಮೇಲೆ ಕುಸಿದು ಕೂತ. ಅಕ್ಕ ನಗಲು ಶುರುಮಾಡಿದಳು, ಭಾವ ಸೇರಿಕೊಂಡರು, ಮುಖ ಗಂಟು ಹಾಕಿಕೊಂಡಿರಲು ಬಹಳ ಕಷ್ಟಪಟ್ಟ ತಮ್ಮನೂ ಕೊನೆಗೆ ಹೊಟ್ಟೆ ಹಿಡಿದುಕೊಂಡ. ಫೋನಿನ ಆಚೆಯಿಂದ ಹೆಂಡತಿ ಇವರೆಲ್ಲ ಮುಗಿಸುವವರೆಗೂ ಕಾದಳು.

ಹೆಂಡತಿ: ಆಯ್ತಾ? ಗುತ್ತಿಗೆದಾರರು ಬಂದು ಕೂತಿದ್ದಾರೆ. ಕಟ್ಟೋದು ನೀವೇ ಅಂತ ಹೇಳಿಬಿಟ್ಟಿದ್ದೀನಿ. ಸರಿ ತಾನೇ?

ತಮ್ಮ: ನೇರ ಕಂಬಿ ಕಟ್ತೀನಿ. ಮೂಲೆಗೆ ಏನು ಮಾಡ್ತಾರಂತೆ? ಇದು ಬಗ್ಗಲ್ಲ. ನಾನು ಬಗ್ಗಿಸೋಕೆ ಹೋದೆ, ಬಿಲ್ಲಿನ ಹಾಗೆ ಚಿಮ್ಮಿ ಬಂದು ಹೊಡೀತು. ಮೂವತ್ತು ವರ್ಷ ಬಗ್ಗಿಸಿದ ಕೈ, ಈಗ ಏನು ಮಾಡಬೇಕು?

ಹೆಂಡತಿ: ಮೂಲೆಯದ್ದು ಕಾರ್ಖಾನೆಯಲ್ಲೇ ಬಗ್ಗಿಸಿ ಕಳಿಸ್ತಾರಂತೆ. ಆದ್ರೆ ಅವರ ಹತ್ತಿರ ಅಳತೆ ಇಲ್ಲ. ಗೋಡೆಯ ಬುಡ ಮಣ್ಣೊಳಗೆ ಹೂತುಹೋಗಿದೆ, ಹಳೇ ನಕ್ಷೆ ನೀರಲ್ಲಿ ನೆಂದು ಹಾಳಾಗಿದೆ. ಯಾರಿಗೆ ಗೊತ್ತಿರತ್ತೋ ಅಂತ ಇವರು ತಲೆ ಕೆರ್ಕೊಂಡು ಕೂತಿದ್ದಾರೆ.

ತಮ್ಮ ನಿಧಾನವಾಗಿ ಎದ್ದು ನಿಂತ. ಕನ್ನಡಕ ತೆಗೆದು ಜೇಬಿಗಿಟ್ಟು ಕಣ್ಣು ಮುಚ್ಚಿದ. ಬಲಗೈ ಗಾಳಿಯಲ್ಲಿ ಯಾವುದೋ ಗೋಡೆಯನ್ನು ಸವರುತ್ತ ಹೋಗುವಂತೆ ಚಲಿಸಿತು.

ತಮ್ಮ: ಬರ್ಕೊಳ್ಳೋಕೆ ಹೇಳು. ಮೊದಲನೇ ಮೂಲೆ, ದೀಪದ ಕಂಬದ ಹತ್ತಿರದ್ದು. ಒಂದು ಕಡೆ ಆರುನೂರ ನಲವತ್ತು ಮಿಲಿಮೀಟರ್, ಇನ್ನೊಂದು ಕಡೆ ನಾನೂರ ಹತ್ತು. ಎರಡನೇದು ಮೆಟ್ಟಿಲ ಪಕ್ಕ. ಅಲ್ಲಿ ಬಂಡೆ ಅಡ್ಡ ಬಂದಿತ್ತು, ಅದಕ್ಕೆ ಮುನ್ನೂರ ಎಂಬತ್ತೈದಕ್ಕೆ ಇಳಿಸಿದ್ದೆ. ಮೂರನೇದು...

ಒಟ್ಟು ಹನ್ನೊಂದು ಮೂಲೆ. ಹನ್ನೊಂದನ್ನೂ ಹೇಳಿದ. ಫೋನಿನ ಆಚೆ ಗುತ್ತಿಗೆದಾರ ಬರೆದುಕೊಳ್ಳುವ ಪೆನ್ನಿನ ಸದ್ದು ಕೇಳುತ್ತಿತ್ತು. ಅಕ್ಕನೂ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಭಾವ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂತವರನ್ನು ಪೂರ್ತಿ ಮರೆತಿದ್ದರು.

ತಮ್ಮ: ಸಂಜೆ ನಾನೇ ಹೋಗಿ, ಬುಡ ಅಗೆಸಿ, ಟೇಪು ಹಿಡಿದು ನೋಡ್ತೀನಿ. ಹತ್ತು ಮಿಲಿಮೀಟರ್‌ಗಿಂತ ಜಾಸ್ತಿ ತಪ್ಪಿರಲ್ಲ ಅಂತ ಹೇಳು ಅವರಿಗೆ.

ಹೆಂಡತಿ: ಹತ್ತೊಂಬತ್ತು ವರ್ಷದ ಹಿಂದಿನ ಹನ್ನೊಂದು ಮೂಲೆ ನೆನಪಿದೆ.

ತಮ್ಮ: ಇರದೇ ಏನು.

ಹೆಂಡತಿ: ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು, ಬರ್ತಾ ಒಂದು ಸಾಮಾನು ತನ್ನಿ ಅಂದಿದ್ದೆ. ಏನು ಹೇಳಿ ನೋಡೋಣ.

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ತಲೆಯಾಡಿಸಿದಳು. ಭಾವನ ಮುಖ ನೋಡಿದ. ಭಾವ ಛಾವಣಿ ನೋಡಿದರು. ಅವನು ಮತ್ತೆ ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈ ಆಡಿಸಿ, ಕೊನೆಗೆ ಫೋನಿನ ಹತ್ತಿರ ಬಗ್ಗಿದ.

ತಮ್ಮ: ಅದು ಎಷ್ಟು ಮಿಲಿಮೀಟರಿನದು ಅಂತ ಹೇಳು, ನೆನಪಾಗತ್ತೆ.